ಧಾತು ಬರ ಮತ್ತು ಒಂದು ಪೌಂಡ್ ಧಾನ್ಯ



ತಟ್ಟೇಲಿ ಮುದ್ದೆ ಬಿಟ್ಟು ಎದ್ರೆ ಶೆಟ್ಟಿಹಳ್ಳಿಯ ನಮ್ಮಜ್ಜಿ ‘ಧಾತು ಬರ ಮರೆತ್ರೇನ್ರೋ’ ಅಂತ ಬೈತಿದ್ಲು. ಅದು 1876-78ರ ಬರ. ಆಗ ಮೈಸೂರು ಸಂಸ್ಥಾನ ನೇರವಾಗಿ ಬ್ರಿಟಿಷರ ಕೈಲಿತ್ತು.

ಸರ್ಕಾರದೊಳಗೇ ಜಗಳ ನಡೀತು. ಧಾನ್ಯದ ವ್ಯಾಪಾರಕ್ಕೆ ಕೈ ಹಾಕಬಾರದು, ಖರ್ಚು ಇಳಿಸಬೇಕು ಅನ್ನೋದು ವೈಸರಾಯ್ ಲಿಟ್ಟನ್ ವಾದ. ಅವನು ಕಳಿಸಿದ ರಿಚರ್ಡ್ ಟೆಂಪಲ್ 1877ರಲ್ಲಿ ಬರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಚೂರು ಕಾಸಿಗೆ ಇಳಿಸಿದ. ಒಂದು ಪೌಂಡ್ ಅಂದ್ರೆ ಅರ್ಧ ಕಿಲೋನೂ ಇಲ್ಲ! ಮಣ್ಣು ಹೊರೋ ಮನುಷ್ಯ ಇದ್ರಲ್ಲಿ ಬದುಕಲ್ಲ ಅಂತ ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ವಿರೋಧಿಸಿದ. ರೈಲಿಗಿಂತ ನೀರಾವರಿಗೆ ದುಡ್ಡು ಹಾಕಿ ಅಂತ ಆರ್ಥರ್ ಕಾಟನ್ ವಾದಿಸಿದ.

ಈ ವಾದದಲ್ಲಿ ನಮ್ಮೋರು ಬರೀ ‘ಕೂಲಿ’. ಕೆರೆ ತೂಬು ಎತ್ತಿ ಊರಿಗೆಲ್ಲಾ ನೀರು ಹಂಚ್ತಿದ್ದ ನೀರಗಂಟಿಗಳು ಎಷ್ಟೋ ಕಡೆ ನಮ್ಮ ಕೇರಿಯೋರೇ. ಆದರೆ ಕೇರಿಯ ಬಹುಪಾಲು ಜನಕ್ಕೆ ಹೊಲವೂ ಇರಲಿಲ್ಲ, ರಾಗಿ ತುಂಬಿದ ಹಗೇವೂ ಇರಲಿಲ್ಲ.

1871ರ ಗಣತಿಯಲ್ಲಿ ಸಂಸ್ಥಾನದ ಜನ ಸುಮಾರು 50 ಲಕ್ಷ. 1881ರಲ್ಲಿ 42 ಲಕ್ಷ.

ಇವತ್ತೂ ಬೆಳೆ ಪರಿಹಾರ ಪಹಣಿ ನೋಡ್ಕೊಂಡೇ ಬರುತ್ತೆ. ಪಹಣಿ ಇಲ್ಲದೋರು ಬರಗಾಲದಲ್ಲಿ ಏನು ತಿನ್ಬೇಕು? ಅದಕ್ಕೇ ಕೇಳ್ತಿದೀವಿ: ಪರಿಹಾರದ ಮಾತು ಆಮೇಲೆ, ಮೊದಲು ಭೂಮಿ ಕೊಡಿ.