ಕಲ್ಲು ಒಡೆದ ಮೇಲೆ ಚೂರಿನ ಚಿಂತೆ

ಮೂತ್ರಪಿಂಡದ ಕಲ್ಲನ್ನು ಒಡೆಯುವುದಕ್ಕೆ ಇವತ್ತು ಉಪಕರಣಗಳ ಬರವಿಲ್ಲ. ಒಡೆದ ಚೂರನ್ನು ಪೂರ್ತಿ ಹೊರಗೆ ತರುವುದರಲ್ಲೇ ವೈದ್ಯರ ಕಷ್ಟವೆಲ್ಲ ಇರುವುದು. ಒಳಗೆ ಉಳಿದ ಚೂರು ಮುಂದಿನ ಕಲ್ಲಿಗೆ ಬೀಜ. ಐದು ದಶಕಗಳ ತಂತ್ರಜ್ಞಾನವನ್ನು ಈ ಕಡೆಯಿಂದ ನೋಡಿದರೆ ಯಾವುದು ನಿಜವಾದ ಮುನ್ನಡೆ, ಯಾವುದು ಬರೀ ಹೊಸ ಯಂತ್ರದ ಥಳಕು ಎಂಬುದು ಗೊತ್ತಾಗುತ್ತದೆ.

ಹಿಂದೆ ದೊಡ್ಡ ಕಲ್ಲೆಂದರೆ ಪಕ್ಕೆ ಕೊಯ್ದೇ ತೆಗೆಯಬೇಕಿತ್ತು. 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಮತ್ತು ಯೋಹಾನ್ಸನ್, ಬೆನ್ನಿನ ಕಡೆಯಿಂದ ಮೂತ್ರಪಿಂಡಕ್ಕೆ ಕಿರಿದಾದ ದಾರಿ ಮಾಡಿ ಕಲ್ಲು ತೆಗೆದ ವರದಿ ಪ್ರಕಟಿಸಿದರು. ಪಿಸಿಎನ್‌ಎಲ್ ಎಂಬ ವಿಧಾನ ಶುರುವಾದದ್ದು ಹೀಗೆ. 1980ರ ಫೆಬ್ರವರಿ 7ರಂದು ಮ್ಯೂನಿಕ್‌ನಲ್ಲಿ ಕ್ರಿಸ್ಟಿಯನ್ ಶೋಸಿಯವರ ತಂಡ ಕತ್ತಿಯನ್ನೇ ಮುಟ್ಟದೆ ಕಲ್ಲು ಒಡೆಯಿತು. ಯಂತ್ರ ತಯಾರಿಸಿದ್ದು ಡಾರ್ನಿಯರ್ ಎಂಬ ವಿಮಾನ ಕಂಪನಿ. ಅತಿವೇಗದ ವಿಮಾನಕ್ಕೆ ಮಳೆಹನಿ ಬಡಿದಾಗ ಏಳುವ ಆಘಾತ ತರಂಗಗಳನ್ನು ಅಲ್ಲಿ ಅಭ್ಯಾಸ ಮಾಡುತ್ತಿದ್ದರು. ರೋಗಿಯನ್ನು ನೀರಿನ ತೊಟ್ಟಿಗೆ ಇಳಿಸಿ, ಅಡಿಯಲ್ಲಿ ವಿದ್ಯುತ್ ಕಿಡಿ ಹಾರಿಸಿ, ಎದ್ದ ತರಂಗವನ್ನು ಎಕ್ಸ್‌ರೇ ನೋಡಿಕೊಂಡು ಕಲ್ಲಿನ ಮೇಲೆ ಕೂಡಿಸುತ್ತಿದ್ದರು. ನೀರಿನಂತೆಯೇ ಮಾಂಸವನ್ನೂ ಸಲೀಸಾಗಿ ಹಾಯುವ ತರಂಗ, ಗಟ್ಟಿ ಕಲ್ಲಿಗೆ ತಾಗಿದೊಡನೆ ಅದನ್ನು ಸೀಳುತ್ತದೆ. ಚೂರುಗಳು ಮಾತ್ರ ಮೂತ್ರದ ಜೊತೆ ತಾವೇ ಇಳಿಯಬೇಕು. ಕೆಳಮೂಲೆಯಲ್ಲಿ ಕೂತವು ಅಲ್ಲೇ ಕೂರುತ್ತವೆ; ಕೆಲವು ಸಾಲುಗಟ್ಟಿ ಮೂತ್ರನಾಳದಲ್ಲಿ ಸಿಕ್ಕಿಕೊಳ್ಳುತ್ತವೆ.

ಪಿಸಿಎನ್‌ಎಲ್ ದಾರಿಯೂ ಕಿರಿದಾಗುತ್ತ ಬಂತು. ಮೊದಲು ಸುಮಾರು 1 ಸೆಂ.ಮೀ. ಅಗಲವಿದ್ದದ್ದು ‘ಮಿನಿ’ ವಿಧಾನದಲ್ಲಿ ಅದರ ಅರ್ಧಕ್ಕೆ ಇಳಿಯಿತು. 2011ರಲ್ಲಿ ಗುಜರಾತಿನ ನಡಿಯಾದ್‌ನ ಮಹೇಶ್ ದೇಸಾಯಿ ಮತ್ತು ಸಂಗಡಿಗರು ವಿವರಿಸಿದ ‘ಮೈಕ್ರೋಪರ್ಕ್’ ಸೂಜಿಯ ಅಗಲ 1.6 ಮಿ.ಮೀ. ಮಾತ್ರ. ರಕ್ತ ಹೋಗುವುದು ಕಡಿಮೆಯಾಯಿತು, ಸರಿ. ಆದರೆ ಅಷ್ಟು ಸಣ್ಣ ದಾರಿಯಲ್ಲಿ ಚೂರನ್ನು ಈಚೆಗೆ ಎಳೆಯುವುದಾದರೂ ಹೇಗೆ? ಮತ್ತೆ ಅದೇ ಹಳೆಯ ತೊಡಕು.

ಮೂತ್ರದ ಸಹಜ ದಾರಿಯಲ್ಲೇ ಬಾಗುವ ಅಂತರ್ದರ್ಶಕ (ಎಂಡೋಸ್ಕೋಪ್) ತೂರಿಸಿ ಲೇಸರ್ ಬಿಡುವ ಆರ್‌ಐಆರ್‌ಎಸ್ ಈಗ ಎಲ್ಲರ ಬಾಯಲ್ಲಿದೆ. 1990ರ ದಶಕದಿಂದ ಹೋಲ್ಮಿಯಂ ಲೇಸರ್‌ದೇ ರಾಜ್ಯಭಾರ. ಈಚೆಗೆ ಬಂದ ಥುಲಿಯಂ ಫೈಬರ್ ಲೇಸರ್‌ನ ಬೆಳಕನ್ನು ನೀರು ಅದಕ್ಕಿಂತ ಹೆಚ್ಚು ಹೀರುತ್ತದೆ. ಹಾಗಾಗಿ ಕಲ್ಲು ಚೂರಾಗುವ ಬದಲು ನುಣ್ಣನೆಯ ಪುಡಿಯಾಗುತ್ತದೆ. ಜೊತೆಗೆ ಎರಡು ಅಪಾಯಗಳು: ಶಕ್ತಿ ಏರಿಸಿದಷ್ಟೂ ಒಳಗಿನ ನೀರು ಕಾಯುತ್ತದೆ. ತಣ್ಣಗಿಡಲು ನೀರು ಹರಿಸಿದರೆ ಒತ್ತಡ ಏರಿ, ಸೋಂಕು ರಕ್ತಕ್ಕೆ ನುಗ್ಗಬಹುದು.

ಇವೆರಡಕ್ಕೂ ಒಟ್ಟಿಗೆ ಉತ್ತರ ಕೊಟ್ಟದ್ದು ಒಂದು ಕೊಳವೆ. ಅಂತರ್ದರ್ಶಕದ ಹೊರಗಿನ ಈ ಪ್ಲಾಸ್ಟಿಕ್ ಕವಚದ ತುದಿ ಬಾಗಿ, ಕಲ್ಲು ಕೂತ ಮೂಲೆಗೇ ಹೋಗುತ್ತದೆ. ಇನ್ನೊಂದು ತುದಿಗೆ ಹೀರುವ ಪಂಪು. ಪುಡಿಯಾದ ಮೇಲೆ ವೈದ್ಯರು ಅಂತರ್ದರ್ಶಕವನ್ನು ಹಿಂದಕ್ಕೆ ಸರಿಸಿದರೆ ಕಲ್ಲಿನ ಮರಳು ನೀರಿನೊಂದಿಗೆ ಸರ್ರನೆ ಈಚೆ ಬರುತ್ತದೆ. ಒತ್ತಡವೂ ಇಳಿಯುತ್ತದೆ. ರೋಬೋಟ್ ತೋಳುಗಳ ಬಗ್ಗೆ ನೂರು ಜಾಹೀರಾತು ಬರಲಿ, ನನ್ನ ಮಟ್ಟಿಗೆ ಈ ದಶಕದ ಅಸಲಿ ಸುಧಾರಣೆ ಈ ಕೊಳವೆಯೇ.

ಮುಂದೇನು ಎನ್ನುವವರು ಸಿಯಾಟಲ್ ಕಡೆ ನೋಡಬೇಕು. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಆಘಾತ ತರಂಗದ ಬಲವಾದ ಏಟುಗಳ ಬದಲು ಮೆಲ್ಲನೆಯ ಅಲ್ಟ್ರಾಸೌಂಡ್ ಅಲೆಗಳ ಸರಣಿಯಿಂದ ಕಲ್ಲು ಒಡೆಯುತ್ತಾರೆ. 2022ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ 19 ರೋಗಿಗಳ 23 ಕಲ್ಲುಗಳ ಪೈಕಿ 21, ಹತ್ತು ನಿಮಿಷದೊಳಗೆ ಒಡೆದವು. ಉಳಿದ ಚೂರನ್ನು ಅಲ್ಟ್ರಾಸೌಂಡಿನಿಂದಲೇ ತಳ್ಳಿ ದಾರಿಗೆ ಹಚ್ಚುವ ವಿಧಾನವನ್ನೂ ಅವರು ಪರೀಕ್ಷಿಸಿದ್ದಾರೆ. ಪ್ರಯೋಗ ಚಿಕ್ಕದು, ಸಂಭ್ರಮಕ್ಕೆ ಇನ್ನೂ ಹೊತ್ತಿದೆ.

ಅಲ್ಲಿಯವರೆಗೆ 2 ಸೆಂ.ಮೀ. ಮೀರಿದ ಕಲ್ಲಿಗೆ ಸಾಮಾನ್ಯವಾಗಿ ಪಿಸಿಎನ್‌ಎಲ್ಲೇ ಮೊದಲ ಆಯ್ಕೆ. ಅದಕ್ಕಿಂತ ಚಿಕ್ಕದಕ್ಕೆ ಕಲ್ಲಿನ ಜಾಗ, ಗಡಸುತನ ನೋಡಿ ತೀರ್ಮಾನ. ಯಾವ ಲೇಸರ್ ಎಂದು ಕೇಳುವ ರೋಗಿಗಳು ಇನ್ನೊಂದನ್ನು ಮರೆಯದೆ ಕೇಳಲಿ. ಶಸ್ತ್ರಚಿಕಿತ್ಸೆಯ ನಂತರ ಮೂತ್ರನಾಳ ತೆರೆದಿರಲೆಂದು ಎಷ್ಟೋ ಸಲ ಡಿಜೆ ಸ್ಟೆಂಟ್ ಎಂಬ ತೆಳು ಕೊಳವೆ ಇಟ್ಟು ಕಳಿಸುತ್ತಾರೆ. ನೋವು ಹೋಯಿತೆಂದು ಮರೆತು ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೇ ಕಲ್ಲು ಕಟ್ಟುತ್ತದೆ. ಅದನ್ನು ತೆಗೆಸುವ ದಿನಾಂಕವನ್ನು ಡಿಸ್‌ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡೇ ಮನೆಗೆ ಹೊರಡಿ.