ಗ್ಲಾಸ್ಗೋ: ಹೊಸ್ತಿಲಲ್ಲಿ ಹುಟ್ಟಿದ ರಾಜಕಾರಣ

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋ. ಅಲ್ಲಿನ ಅತಿದೊಡ್ಡ ನಗರ ಗ್ಲಾಸ್ಗೋ. ಕ್ಲೈಡ್ ನದಿಯ ಎರಡೂ ದಂಡೆಗಳಲ್ಲಿ ಹಬ್ಬಿರುವ ಈ ನಗರದ ಚರಿತ್ರೆಯನ್ನು ಹಡಗುಗಳ, ಉಕ್ಕಿನ, ಕಾರ್ಮಿಕ ಹೋರಾಟಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಅದು ತಪ್ಪೇನಲ್ಲ. ಆದರೆ ಇಲ್ಲಿನ ರಾಜಕಾರಣದ ಮುಖ್ಯ ತಿರುವುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ ಕಾರ್ಖಾನೆಯಷ್ಟೇ ಸ್ಪಷ್ಟವಾಗಿ ಕಾಣಿಸುವುದು ಮನೆ. ಯಾರಿಗೆ ಎಷ್ಟು ಕೋಣೆ, ಎಷ್ಟು ಬಾಡಿಗೆ, ಯಾವ ಬಡಾವಣೆಯಲ್ಲಿ ವಾಸ, ಇವನ್ನೆಲ್ಲ ನಿರ್ಧರಿಸುವವರು ಯಾರು ಎಂಬ ಪ್ರಶ್ನೆಗಳೇ ಎರಡು ಶತಮಾನಗಳ ಕಾಲ ಈ ನಗರವನ್ನು ಆಳಿವೆ.

ತಂಬಾಕಿನ ಸಿರಿ

ಗ್ಲಾಸ್ಗೋ ಮೊದಲಿಗೆ ಸಂತ ಮಂಗೋನ ಹೆಸರಿನ ಕೆಥೆಡ್ರಲ್ ಹಾಗೂ 1451ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳ ಸಣ್ಣ ಪಟ್ಟಣವಾಗಿತ್ತು. 1707ರಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಪಾರ್ಲಿಮೆಂಟುಗಳು ಒಂದಾದ ಮೇಲೆ ಇಲ್ಲಿನ ವರ್ತಕರಿಗೆ ಅಮೆರಿಕದ ವಸಾಹತುಗಳ ವ್ಯಾಪಾರ ತೆರೆದುಕೊಂಡಿತು. ವರ್ಜೀನಿಯಾ, ಮೇರಿಲ್ಯಾಂಡ್‌ಗಳಲ್ಲಿ ಗುಲಾಮರು ಬೆಳೆದ ತಂಬಾಕು ಕ್ಲೈಡ್ ನದೀಮುಖಕ್ಕೆ ಬಂದು ಅಲ್ಲಿಂದ ಯೂರೋಪಿಗೆ ಮರುಮಾರಾಟವಾಗುತ್ತಿತ್ತು. ಈ ವ್ಯಾಪಾರದಲ್ಲಿ ಸಿರಿವಂತರಾದವರಿಗೆ ‘ತಂಬಾಕಿನ ದೊರೆಗಳು’ ಎಂದೇ ಹೆಸರು. ಇಂದು ‘ಮರ್ಚೆಂಟ್ ಸಿಟಿ’ ಎನಿಸಿಕೊಳ್ಳುವ ಭಾಗದ ಗ್ಲಾಸ್‌ಫರ್ಡ್, ಬ್ಯೂಕ್ಯಾನನ್, ವರ್ಜೀನಿಯಾ ಬೀದಿಗಳ ಹೆಸರುಗಳಲ್ಲಿ ಆ ಕಾಲ ಉಳಿದಿದೆ. ವಿಲಿಯಂ ಕನಿಂಗ್‌ಹ್ಯಾಮ್ ಎಂಬ ವರ್ತಕ ಕಟ್ಟಿಸಿದ ಭವನ ಈಗ ಆಧುನಿಕ ಕಲಾಸಂಗ್ರಹಾಲಯ. ಗುಲಾಮಗಿರಿಯ ಲಾಭದಲ್ಲಿ ನಗರಕ್ಕಿದ್ದ ಪಾಲಿಗಾಗಿ ನಗರಪಾಲಿಕೆ ಅಧಿಕೃತವಾಗಿ ಕ್ಷಮೆ ಕೋರಿದ್ದು 2022ರಲ್ಲಿ.

1775ರಲ್ಲಿ ಆರಂಭವಾದ ಅಮೆರಿಕದ ಸ್ವಾತಂತ್ರ್ಯಯುದ್ಧ ತಂಬಾಕಿನ ವ್ಯಾಪಾರವನ್ನು ಮುರಿಯಿತು. ದಿವಾಳಿಯಾದ ಮನೆತನಗಳಲ್ಲಿ ಅಲೆಕ್ಸಾಂಡರ್ ಮನ್ರೋ ಎಂಬ ವರ್ತಕನದೂ ಒಂದು. ಈತನ ಮಗ, ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿದ್ದ ಥಾಮಸ್, ಜೀವನೋಪಾಯ ಅರಸಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಸೇರಿ 1780ರಲ್ಲಿ ಮದರಾಸಿಗೆ ಬಂದ. ಮುಂದೆ ಕೆನರಾದ ಕಲೆಕ್ಟರನಾಗಿ, ಬಳ್ಳಾರಿಯೂ ಸೇರಿದ್ದ ದತ್ತಮಂಡಲದ ಆಡಳಿತಗಾರನಾಗಿ, ರಯತವಾರಿ ಪದ್ಧತಿಯ ಪ್ರವರ್ತಕನಾಗಿ ಕನ್ನಡನಾಡಿನ ಚರಿತ್ರೆಯಲ್ಲಿ ನಿಂತ ಸರ್ ಥಾಮಸ್ ಮನ್ರೋ ಈತನೇ. ವರ್ಜೀನಿಯಾದ ಹೊಲಗಳ ಏರುಪೇರು ಗ್ಲಾಸ್ಗೋದ ಒಂದು ಮನೆಯ ಮೂಲಕ ಬಳ್ಳಾರಿಯ ರೈತನ ಕಂದಾಯದವರೆಗೆ ತಲುಪಿದ ಬಗೆ ಇದು.

ಒಂದು ಕೋಣೆಯ ಬದುಕು

ತಂಬಾಕಿನ ನಂತರ ಹತ್ತಿ, ಹತ್ತಿಯ ನಂತರ ಕಲ್ಲಿದ್ದಲು, ಕಬ್ಬಿಣ, ಹಡಗು. 1801ರಲ್ಲಿ ಸುಮಾರು 77,000 ಇದ್ದ ಜನಸಂಖ್ಯೆ 1901ರ ವೇಳೆಗೆ ಏಳೂವರೆ ಲಕ್ಷ ದಾಟಿತ್ತು. ಬಂದವರಲ್ಲಿ ಭೂಮಾಲಿಕರು ಒಕ್ಕಲೆಬ್ಬಿಸಿದ ಹೈಲ್ಯಾಂಡ್ ರೈತರಿದ್ದರು, 1840ರ ದಶಕದ ಆಲೂಗಡ್ಡೆ ಕ್ಷಾಮದಿಂದ ಪಾರಾಗಿ ಬಂದ ಐರಿಷರಿದ್ದರು, ಶತಮಾನದ ಕೊನೆಗೆ ರಷ್ಯಾ ಸಾಮ್ರಾಜ್ಯದಿಂದ ಓಡಿಬಂದ ಯಹೂದಿಗಳಿದ್ದರು. ಮೊದಲನೆಯ ಮಹಾಯುದ್ಧದ ಹೊಸ್ತಿಲಲ್ಲಿ ಜಗತ್ತಿನಲ್ಲಿ ನಿರ್ಮಾಣವಾಗುತ್ತಿದ್ದ ಹಡಗುಗಳಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಪಾಲು ಕ್ಲೈಡ್ ದಂಡೆಯದಾಗಿತ್ತು. ಸ್ಪ್ರಿಂಗ್‌ಬರ್ನ್ ಬಡಾವಣೆಯ ರೈಲು ಎಂಜಿನ್‌ಗಳು ಭಾರತಕ್ಕೂ ಬರುತ್ತಿದ್ದವು. ಪಾಸಿಲ್‌ಪಾರ್ಕಿನಲ್ಲಿದ್ದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸಾರಸೆನ್ ಎರಕದ ಕಾರ್ಖಾನೆಯಲ್ಲಿ ತಯಾರಾದ ಕಬ್ಬಿಣದ ಕಂಬಗಳು ಮೈಸೂರು ಅರಮನೆಯ ಕಲ್ಯಾಣಮಂಟಪವನ್ನು ಇಂದಿಗೂ ಹೊತ್ತು ನಿಂತಿವೆ.

ಇಂಥ ಕಾರ್ಖಾನೆಗಳಲ್ಲಿ ದುಡಿದವರ ವಾಸ ಹೇಗಿತ್ತು ಎಂಬುದೇ ಇಲ್ಲಿನ ಪ್ರಶ್ನೆ. ಗ್ಲಾಸ್ಗೋದ ಶ್ರಮಿಕ ವರ್ಗದ ಮನೆಯೆಂದರೆ ಟೆನಮೆಂಟ್: ಮೂರು ನಾಲ್ಕು ಅಂತಸ್ತಿನ ಕಲ್ಲಿನ ಕಟ್ಟಡ, ನಡುವೆ ಎಲ್ಲರೂ ಬಳಸುವ ಒಂದು ಓಣಿ ಮತ್ತು ಮೆಟ್ಟಿಲು, ಹಿಂದೆ ಎಲ್ಲರಿಗೂ ಸೇರಿದ ಅಂಗಳ. ಮೈಸೂರು, ಬೆಂಗಳೂರುಗಳ ಹಳೆಯ ವಠಾರವನ್ನು ಬಲ್ಲವರಿಗೆ ಈ ಜೀವನಕ್ರಮದ ಅರ್ಧ ತಾನಾಗಿಯೇ ತಿಳಿದೀತು. ವಠಾರವನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಲ್ಪಿಸಿಕೊಂಡರೆ ಉಳಿದರ್ಧವೂ ತಿಳಿಯುತ್ತದೆ. ಅಡುಗೆ, ನಿದ್ರೆ, ಹೆರಿಗೆ, ಸಾವು ಎಲ್ಲವೂ ನಡೆಯುತ್ತಿದ್ದ ಒಂಟಿಕೋಣೆಯ ಮನೆ ಒಂದು ಬಗೆ. ಒಂದು ಕೋಣೆ ಮತ್ತು ಅಡುಗೆಮನೆ ಇದ್ದದ್ದು ಅದಕ್ಕಿಂತ ತುಸು ಮೇಲಿನದು. 1911ರ ಜನಗಣತಿಯ ಹೊತ್ತಿಗೂ ನಗರದ ಅರ್ಧಕ್ಕಿಂತ ಹೆಚ್ಚು ಜನ ಈ ಎರಡು ಬಗೆಯ ಮನೆಗಳಲ್ಲೇ ಇದ್ದರು.

1862ರ ಕಾಯ್ದೆಯ ಪ್ರಕಾರ ಸಣ್ಣ ಮನೆಗಳ ಒಳಅಳತೆಯನ್ನು ಘನ ಅಡಿಗಳಲ್ಲಿ ಲೆಕ್ಕಹಾಕಿ, ಅಲ್ಲಿ ಎಷ್ಟು ಜನ ಮಲಗಬಹುದೆಂಬ ಸಂಖ್ಯೆಯನ್ನು ತಗಡಿನ ಬಿಲ್ಲೆಯ ಮೇಲೆ ನಮೂದಿಸಿ ಬಾಗಿಲಿಗೆ ಹೊಡೆಯಲಾಯಿತು. ನಡುರಾತ್ರಿ ಇನ್ಸ್‌ಪೆಕ್ಟರರು ಬಾಗಿಲು ತಟ್ಟಿ ತಲೆ ಎಣಿಸುತ್ತಿದ್ದರು. ಹೆಚ್ಚುವರಿ ಜನ ಅಷ್ಟರಲ್ಲಿ ಬೀರುವಿನೊಳಗೋ ಛಾವಣಿಯ ಮೇಲೋ ಅಡಗಿಕೊಳ್ಳಬೇಕಾಗಿತ್ತು. ಬಡವನ ಮನೆಯೊಳಕ್ಕೆ ಆಡಳಿತ ಮೊದಲು ಕಾಲಿಟ್ಟದ್ದು ಹೀಗೆ. ನಗರದ ಆರೋಗ್ಯಾಧಿಕಾರಿ ಜೇಮ್ಸ್ ಬರ್ನ್ ರಸೆಲ್ 1888ರಲ್ಲಿ ‘ಒಂದು ಕೋಣೆಯ ಬದುಕು’ ಎಂಬ ವಿಷಯದ ಮೇಲೆಯೇ ಉಪನ್ಯಾಸ ನೀಡಿ, ಇಕ್ಕಟ್ಟಾದ ವಾಸಕ್ಕೂ ಮಕ್ಕಳ ಸಾವಿಗೂ ಇರುವ ಸಂಬಂಧವನ್ನು ಉಳ್ಳವರ ಮುಂದಿಟ್ಟ.

ಉಳ್ಳವರು ಆ ವೇಳೆಗೆ ಪಶ್ಚಿಮಕ್ಕೆ ಸರಿದಿದ್ದರು. ನೈರುತ್ಯದ ಗಾಳಿ ಹೊಗೆಯನ್ನು ಪೂರ್ವಕ್ಕೆ ಒಯ್ಯುತ್ತಿದ್ದುದರಿಂದ ಕೆಲ್ವಿನ್‌ಸೈಡ್‌ನಂಥ ಪಶ್ಚಿಮದ ಬಡಾವಣೆಗಳು ಶ್ರೀಮಂತರವಾದವು. ಕಾಲ್ಟನ್, ಬ್ರಿಜ್‌ಟನ್ ಮೊದಲಾದ ಪೂರ್ವಭಾಗಗಳು ಬಡವರವು. ವಿಶ್ವವಿದ್ಯಾಲಯವೂ 1870ರಲ್ಲಿ ಪೂರ್ವದ ಹೈ ಸ್ಟ್ರೀಟನ್ನು ತೊರೆದು ಪಶ್ಚಿಮದ ಗಿಲ್ಮೋರ್‌ಹಿಲ್ ಏರಿತು. ಅದರ ಹಳೆಯ ನಿವೇಶನ ರೈಲ್ವೆ ಸರಕುಗಳ ಅಂಗಳವಾಯಿತು. ನದಿಯ ದಕ್ಷಿಣದ ಗೋರ್ಬಲ್ಸ್ ಪ್ರದೇಶದಲ್ಲಿ ಸ್ಥಿತಿವಂತರಿಗಾಗಿ ಯೋಜಿಸಿದ ಮನೆಗಳು ಪಕ್ಕದ ಕಬ್ಬಿಣದ ಕುಲುಮೆಗಳ ಹೊಗೆಗೆ ಸಿಕ್ಕಿ, ಕ್ರಮೇಣ ಭಾಗಭಾಗವಾಗಿ ಒಡೆದು ವಲಸಿಗರ ಕೋಣೆಗಳಾದವು. ಕ್ಯಾಥೊಲಿಕ್ ಐರಿಷರಿಗೂ ಪ್ರಾಟೆಸ್ಟೆಂಟರಿಗೂ ನಡುವಿನ ಬಿರುಕು ಉದ್ಯೋಗದಲ್ಲಿ, ಶಾಲೆಯಲ್ಲಿ, ಸೆಲ್ಟಿಕ್ ಮತ್ತು ರೇಂಜರ್ಸ್ ಎಂಬ ಫುಟ್‌ಬಾಲ್ ತಂಡಗಳ ಅಭಿಮಾನದಲ್ಲಿ ಮೂಡಿತು.

ನಗರಸಭೆ ಸುಮ್ಮನಿರಲಿಲ್ಲ ಎಂಬುದನ್ನೂ ಹೇಳಬೇಕು. 1859ರಲ್ಲಿ ಕ್ಯಾಟ್ರಿನ್ ಸರೋವರದ ಶುದ್ಧ ನೀರು ನಗರಕ್ಕೆ ಬಂತು. ಅನಿಲ, ಟ್ರಾಮ್‌ಗಳು ನಗರಸಭೆಯ ಒಡೆತನಕ್ಕೆ ಬಂದವು. 1866ರ ನಗರ ಸುಧಾರಣಾ ಕಾಯ್ದೆಯಡಿ ಹಳೆಯ ಕೇರಿಗಳನ್ನು ಕೆಡವಲಾಯಿತು. ಅಳಿಯಲಿದ್ದ ಆ ಓಣಿಗಳನ್ನು ಥಾಮಸ್ ಅನ್ನನ್ ತೆಗೆದ ಛಾಯಾಚಿತ್ರಗಳು ದಾಖಲಿಸಿವೆ. ಆದರೆ ಕೆಡವಿದಷ್ಟು ಸಲೀಸಾಗಿ ಕಟ್ಟುವ ಕೆಲಸ ನಡೆಯಲಿಲ್ಲ. ಮನೆ ಕಳೆದುಕೊಂಡವರು ಪಕ್ಕದ ಕೇರಿಯಲ್ಲಿ ಇನ್ನಷ್ಟು ಇಕ್ಕಟ್ಟಿನಲ್ಲಿ ಸೇರಿಕೊಂಡರು.

1915: ಗಂಟೆ ಮತ್ತು ಹಿಟ್ಟಿನ ಪೊಟ್ಟಣ

ಮಹಾಯುದ್ಧ ಆರಂಭವಾದಾಗ ಮದ್ದುಗುಂಡು, ಹಡಗುಗಳ ಕೆಲಸಕ್ಕಾಗಿ ಸಾವಿರಾರು ಜನ ಗ್ಲಾಸ್ಗೋಗೆ ಬಂದರು. ಮನೆಗಳ ಬೇಡಿಕೆ ಕಂಡ ಮಾಲಿಕರು ಬಾಡಿಗೆ ಏರಿಸಿದರು. ಗಂಡಂದಿರು ರಣರಂಗದಲ್ಲಿದ್ದ ಸಂಸಾರಗಳೂ ಒಕ್ಕಲೆಬ್ಬಿಸುವ ನೋಟೀಸು ಪಡೆದವು. 1915ರಲ್ಲಿ ಗೋವನ್, ಪಾರ್ಟಿಕ್ ಮೊದಲಾದ ಬಡಾವಣೆಗಳ ಹೆಂಗಸರು ಏರಿಸಿದ ಬಾಡಿಗೆ ಕೊಡುವುದಿಲ್ಲವೆಂದು ನಿರ್ಧರಿಸಿದರು. ನೇಯ್ಗೆಯವರ ಮನೆತನದಲ್ಲಿ ಹುಟ್ಟಿದ ಮೇರಿ ಬಾರ್ಬರ್ ಅವರ ಮುಂದಾಳು. ಹೆಲೆನ್ ಕ್ರಾಫರ್ಡ್, ಆಗ್ನೆಸ್ ಡಾಲನ್ ಮೊದಲಾದವರು ಜೊತೆಗಿದ್ದರು.

ಅವರ ಹೋರಾಟದ ರೀತಿ ವಠಾರದ ರಚನೆಯಿಂದಲೇ ಹುಟ್ಟಿದ್ದು. ಓಣಿಯ ಬಾಯಲ್ಲಿ ಒಬ್ಬಳು ಗಂಟೆ ಹಿಡಿದು ಕುಳಿತಿರುವಳು. ಕೋರ್ಟಿನ ಅಮೀನ ಕಾಣಿಸಿಕೊಂಡೊಡನೆ ಗಂಟೆ ಬಾರಿಸುವಳು. ಅಡುಗೆ ಮಾಡುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು ಕೈಗೆ ಸಿಕ್ಕಿದ್ದನ್ನು ಹಿಡಿದು ಮೆಟ್ಟಿಲಲ್ಲಿ ನೆರೆಯುವರು. ಹಿಟ್ಟಿನ ಪೊಟ್ಟಣಗಳ, ಒದ್ದೆ ಬಟ್ಟೆಗಳ ಏಟು ತಿಂದು ಅಮೀನ ಹಿಂದಿರುಗುವನು. ನವೆಂಬರ್ ಹೊತ್ತಿಗೆ ಸುಮಾರು 20,000 ಬಾಡಿಗೆದಾರರು ಈ ಮುಷ್ಕರದಲ್ಲಿದ್ದರು. ನವೆಂಬರ್ 17ರಂದು ಕೆಲವು ಬಾಡಿಗೆದಾರರನ್ನು ನ್ಯಾಯಾಲಯಕ್ಕೆ ಕರೆಸಿದಾಗ ಹಡಗುಕಟ್ಟೆಗಳ ಕಾರ್ಮಿಕರೂ ಕೆಲಸ ಬಿಟ್ಟು ಮೆರವಣಿಗೆಯಲ್ಲಿ ಬಂದರು. ಮೊಕದ್ದಮೆಗಳು ಬಿದ್ದುಹೋದವು. ಡಿಸೆಂಬರಿನಲ್ಲಿ ಪಾರ್ಲಿಮೆಂಟು ಬಾಡಿಗೆಯನ್ನು ಯುದ್ಧಾರಂಭದ ಮಟ್ಟಕ್ಕೆ ಕಟ್ಟಿಹಾಕುವ ಕಾಯ್ದೆಯನ್ನು ಇಡೀ ಬ್ರಿಟನ್ನಿಗೆ ಅನ್ವಯಿಸುವಂತೆ ಅಂಗೀಕರಿಸಿತು. ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕೇ ಇಲ್ಲದಿದ್ದ ಹೆಂಗಸರು ಪಾರ್ಲಿಮೆಂಟಿನಿಂದ ಕಾನೂನು ಮಾಡಿಸಿದ್ದರು.

‘ಕೆಂಪು ಕ್ಲೈಡ್‌ಸೈಡ್’ ಎಂಬ ಹೆಸರು ಇದಕ್ಕಿಂತ ಹೆಚ್ಚಾಗಿ ನೆನಪಿಸುವುದು 1919ರ ಜನವರಿ 31ರ ಘಟನೆಯನ್ನು. ವಾರಕ್ಕೆ 40 ಗಂಟೆಗಳ ಕೆಲಸ ಕೇಳಿ ಜಾರ್ಜ್ ಸ್ಕ್ವೇರಿನಲ್ಲಿ ನೆರೆದ ಜನರ ಮೇಲೆ ಪೊಲೀಸರು ಲಾಠಿ ಬೀಸಿದರು. ಅಂದು ರಾತ್ರಿ ಸೈನಿಕರು ಬಂದಿಳಿದರು. ಟ್ಯಾಂಕುಗಳು ಚೌಕದೊಳಗೆ ನುಗ್ಗಿದವೆಂಬುದು ಜನಜನಿತ ಕಥೆ. ಅವು ಬಂದದ್ದು ಕೆಲವು ದಿನಗಳ ಬಳಿಕ, ನಿಂತದ್ದು ದನದ ಮಾರುಕಟ್ಟೆಯಲ್ಲಿ. ಆ ಮುಷ್ಕರ ಸೋತಿತು. ಬಾಡಿಗೆಯ ಹೋರಾಟ ಗೆದ್ದಿತ್ತು. ಈ ವ್ಯತ್ಯಾಸವನ್ನು ಸ್ಮಾರಕಗಳು ಗುರುತಿಸಲು ತಡವಾಯಿತು: ಗೋವನ್ನಿನಲ್ಲಿ ಮೇರಿ ಬಾರ್ಬರಳ ಪ್ರತಿಮೆ ನಿಂತದ್ದು 2018ರಲ್ಲಿ.

ಮನೆ ಸಿಕ್ಕಿತು, ಬೀದಿ ಹೋಯಿತು

1922ರ ಚುನಾವಣೆಯಲ್ಲಿ ಗ್ಲಾಸ್ಗೋದ 15 ಸ್ಥಾನಗಳಲ್ಲಿ 10 ಲೇಬರ್ ಪಕ್ಷಕ್ಕೆ ಬಂದವು. ಗೆದ್ದವರಲ್ಲಿ ಒಬ್ಬ ಜಾನ್ ವೀಟ್ಲಿ. ಐರ್ಲೆಂಡಿನಲ್ಲಿ ಹುಟ್ಟಿ ಕಲ್ಲಿದ್ದಲ ಗಣಿಯಲ್ಲಿ ದುಡಿದಿದ್ದ ಈತ, ಟ್ರಾಮ್‌ಗಳ ಲಾಭದಿಂದ ವರ್ಷಕ್ಕೆ 8 ಪೌಂಡ್ ಬಾಡಿಗೆಯ ಮನೆಗಳನ್ನು ನಗರಸಭೆಯೇ ಕಟ್ಟಬೇಕೆಂದು ಯುದ್ಧಕ್ಕೆ ಮೊದಲೇ ವಾದಿಸಿದ್ದ. 1924ರ ಮೊದಲ ಲೇಬರ್ ಸರ್ಕಾರದಲ್ಲಿ ಮಂತ್ರಿಯಾಗಿ ಆತ ತಂದ ವಸತಿ ಕಾಯ್ದೆ ಸ್ಥಳೀಯ ಸಂಸ್ಥೆಗಳ ಮನೆ ನಿರ್ಮಾಣಕ್ಕೆ ಸಹಾಯಧನ ಒದಗಿಸಿತು. 1933ರಲ್ಲಿ ನಗರಸಭೆಯ ಅಧಿಕಾರವೂ ಲೇಬರ್ ಪಕ್ಷಕ್ಕೆ ಬಂತು.

ಮುಂದಿನ ಕಥೆ ಸರಳವಲ್ಲ. ಬಾಡಿಗೆದಾರರ ಹೋರಾಟದಿಂದ ಬೆಳೆದ ಪಕ್ಷ ಈಗ ತಾನೇ ಅತಿದೊಡ್ಡ ಮನೆಮಾಲಿಕನಾಯಿತು. ಎರಡನೆಯ ಮಹಾಯುದ್ಧದ ನಂತರ ಹಳೆಯ ನಗರವನ್ನು ಕೆಡವಿ ಹೊಸದಾಗಿ ಕಟ್ಟುವ ಹುಮ್ಮಸ್ಸು ಬಂತು. 1957ರಲ್ಲಿ 29 ಪ್ರದೇಶಗಳನ್ನು ಸಮಗ್ರ ಪುನರ್ನಿರ್ಮಾಣಕ್ಕೆ ಗುರುತಿಸಲಾಯಿತು. ಮೊದಲ ಸರದಿ ಗೋರ್ಬಲ್ಸ್‌ನದು. ನಗರದ ಅಂಚಿನಲ್ಲಿ ಪೊಲಕ್, ಡ್ರಮ್‌ಚಾಪೆಲ್, ಕಾಸಲ್‌ಮಿಲ್ಕ್, ಈಸ್ಟರ್‌ಹೌಸ್ ಎಂಬ ನಾಲ್ಕು ಬೃಹತ್ ಬಡಾವಣೆಗಳು ಎದ್ದವು. ಸ್ನಾನದ ಮನೆ, ಬೇರೆ ಬೇರೆ ಮಲಗುವ ಕೋಣೆ, ಕಿಟಕಿಯಾಚೆ ಹಸಿರು: ಒಂಟಿಕೋಣೆಯಿಂದ ಬಂದ ಕುಟುಂಬಗಳಿಗೆ ಇದು ನಿಜವಾದ ಬಿಡುಗಡೆ. ಆದರೆ ಅಂಗಡಿ, ಉದ್ಯೋಗ, ಸಾರಿಗೆ ಜೊತೆಗೆ ಬರಲಿಲ್ಲ. ನೆರೆಹೊರೆಯನ್ನು ಹೊಸ ಜಾಗಕ್ಕೆ ಒಟ್ಟಾಗಿ ಒಯ್ಯುವ ಆಲೋಚನೆ ಯೋಜಕರಿಗೆ ಬರಲೂ ಇಲ್ಲ.

ಎತ್ತರದ ಕಟ್ಟಡಗಳದು ಇನ್ನೊಂದು ಪಾಠ. 1960ರ ದಶಕದ ರೆಡ್ ರೋಡ್ ಗೋಪುರಗಳು 31 ಅಂತಸ್ತು ಮುಟ್ಟಿದ್ದವು. 2015ರ ವೇಳೆಗೆ ಎಲ್ಲವನ್ನೂ ಕೆಡವಲಾಯಿತು. ಗೋರ್ಬಲ್ಸ್‌ನ ಹಚಿಸನ್‌ಟೌನ್ ‘ಇ’ ಸಮುಚ್ಚಯದಲ್ಲಿ ಗೋಡೆಗಳು ತೇವ ಹಿಡಿದು ಬೂಷ್ಟು ಬಂದಾಗ, ಕಟ್ಟಡದಲ್ಲಿ ದೋಷವಿಲ್ಲ, ನಿವಾಸಿಗಳ ಜೀವನಕ್ರಮವೇ ಕಾರಣ ಎಂಬ ಉತ್ತರ ಬಂತು. ನಿವಾಸಿಗಳು ಹೋರಾಡಿದರು, 1987ರಲ್ಲಿ ಅದೂ ನೆಲಸಮವಾಯಿತು. ಬಾಗಿಲಿಗೆ ತಗಡಿನ ಬಿಲ್ಲೆ ಹೊಡೆದ ಆಡಳಿತದ ದೃಷ್ಟಿ ನೂರು ವರ್ಷಗಳಲ್ಲಿ ಹೆಚ್ಚು ಬದಲಾಗಿರಲಿಲ್ಲ.

ಇನ್ನೊಂದು ದಾರಿ ಇತ್ತೆಂಬುದಕ್ಕೂ ಗೋವನ್ ಸಾಕ್ಷಿ. 1970ರ ದಶಕದ ಆರಂಭದಲ್ಲಿ ಅಲ್ಲಿನ ಹಳೆಯ ವಠಾರಗಳನ್ನು ಕೆಡವದೆ, ನಿವಾಸಿಗಳೊಂದಿಗೆ ಮಾತನಾಡಿ, ಒಳಗೆ ಸ್ನಾನದ ಮನೆ ಕೂಡಿಸಿ ದುರಸ್ತಿಮಾಡುವ ಪ್ರಯೋಗ ನಡೆಯಿತು. ನಿವಾಸಿಗಳೇ ನಡೆಸುವ ವಸತಿ ಸಂಘಗಳು ಹುಟ್ಟಿದವು. ಇಂದು ಪ್ರವಾಸಿಗರು ಮೆಚ್ಚುವ ಕೆಂಪು, ಹೊಂಬಣ್ಣದ ಕಲ್ಲಿನ ಬೀದಿಗಳಲ್ಲಿ ಹಲವು ಉಳಿದದ್ದು ಹೀಗೆ.

ಆಯುಷ್ಯದ ಲೆಕ್ಕ

ಈ ನಡುವೆ ಕೈಗಾರಿಕೆಗಳು ಕುಸಿದವು. 1971ರಲ್ಲಿ ಮುಚ್ಚಲಿದ್ದ ಹಡಗುಕಟ್ಟೆಗಳನ್ನು ಜಿಮ್ಮಿ ರೀಡ್ ಮೊದಲಾದವರ ನಾಯಕತ್ವದಲ್ಲಿ ಕಾರ್ಮಿಕರು ತಾವೇ ನಡೆಸಿ ಸರ್ಕಾರವನ್ನು ಮಣಿಸಿದರು. ಆದರೂ ಕುಸಿತದ ಒಟ್ಟು ಗತಿ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಹನ್ನೊಂದು ಲಕ್ಷದಷ್ಟಿದ್ದ ಜನಸಂಖ್ಯೆ 2011ರಲ್ಲಿ ಆರು ಲಕ್ಷಕ್ಕಿಂತ ಕೆಳಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2008ರ ವರದಿಯಲ್ಲಿ ಕಾಲ್ಟನ್ ಪ್ರದೇಶದ ಪುರುಷರ ನಿರೀಕ್ಷಿತ ಆಯುಷ್ಯ 54 ವರ್ಷವೆಂದೂ ಕೆಲವೇ ಮೈಲಿ ದೂರದ ಲೆನ್ಜಿಯಲ್ಲಿ 82 ಎಂದೂ ಉಲ್ಲೇಖಿಸಿತು. 1787ರಲ್ಲಿ ಕೂಲಿಗಾಗಿ ಮುಷ್ಕರ ಹೂಡಿದ ನೇಕಾರರ ಮೇಲೆ ಸೈನಿಕರು ಗುಂಡು ಹಾರಿಸಿದ್ದು ಇದೇ ಕಾಲ್ಟನ್ನಿನ ಜನರ ಮೇಲೆ.

ಬಡತನದಲ್ಲಿ ಗ್ಲಾಸ್ಗೋಗೆ ಸಮನಾದ ಲಿವರ್‌ಪೂಲ್, ಮ್ಯಾಂಚೆಸ್ಟರ್‌ಗಳಿಗಿಂತ ಇಲ್ಲಿ ಅಕಾಲ ಮರಣ ಹೆಚ್ಚೇಕೆ? ಕುಡಿತ, ಆಹಾರ, ಸ್ವಭಾವ ಎಂದು ಬಹುಕಾಲ ಜನರ ಕಡೆಗೇ ಬೆರಳು ತೋರಲಾಗುತ್ತಿತ್ತು. 2016ರಲ್ಲಿ ಗ್ಲಾಸ್ಗೋ ಜನಸಂಖ್ಯಾ ಆರೋಗ್ಯ ಕೇಂದ್ರದ ಸಂಶೋಧಕರು ಬೇರೆಯ ಕಾರಣಗಳನ್ನು ಮುಂದಿಟ್ಟರು: ಯುದ್ಧೋತ್ತರ ಕಾಲದ ಸಗಟು ನೆಲಸಮ, ಅಂಚಿನ ಬೃಹತ್ ಬಡಾವಣೆಗಳು, ಈಸ್ಟ್ ಕಿಲ್‌ಬ್ರೈಡ್, ಕಂಬರ್‌ನಾಲ್ಡ್‌ನಂಥ ಹೊಸ ಪಟ್ಟಣಗಳಿಗೆ ಕುಶಲಕರ್ಮಿಗಳನ್ನೂ ಎಳೆಯ ಕುಟುಂಬಗಳನ್ನೂ ಆಯ್ದು ಕಳುಹಿಸಿದ ನೀತಿ. ಉಳಿದುಕೊಂಡವರು ವೃದ್ಧರು ಮತ್ತು ಕಡುಬಡವರು. ಮನೆಯ ರಾಜಕಾರಣ ಜನರ ಆಯುಷ್ಯದಲ್ಲೇ ಬರೆಯಲ್ಪಟ್ಟಿತ್ತು.

ಮತಪೆಟ್ಟಿಗೆಯಲ್ಲೂ ಇದರ ಪ್ರತಿಧ್ವನಿ ಕೇಳಿಸಿತು. 1989ರಲ್ಲಿ ತಲೆಗಂದಾಯವನ್ನು ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ ಸ್ಕಾಟ್ಲೆಂಡಿನ ಮೇಲೆ ಹೇರಿದಾಗ, ಜಫ್ತಿಗೆ ಬಂದ ಅಮೀನರನ್ನು ನೆರೆಹೊರೆಯವರು ಮತ್ತೆ ತಡೆದರು. 2014ರ ಜನಮತಗಣನೆಯಲ್ಲಿ ಸ್ಕಾಟ್ಲೆಂಡ್ ಸ್ವಾತಂತ್ರ್ಯ ಬೇಡವೆಂದರೆ ಗ್ಲಾಸ್ಗೋದ ಶೇ. 53.5 ಮತದಾರರು ಬೇಕೆಂದರು. 2017ರಲ್ಲಿ ನಗರಪಾಲಿಕೆಯಲ್ಲಿ ಲೇಬರ್ ಪಕ್ಷದ ದೀರ್ಘ ಆಡಳಿತ ಮುಗಿದು ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಮುಂದೆ ಬಂತು; 2024ರ ಪಾರ್ಲಿಮೆಂಟ್ ಚುನಾವಣೆಯಲ್ಲಿ ಆರೂ ಸ್ಥಾನಗಳು ಮರಳಿ ಲೇಬರ್ ಪಾಲಾದವು. ಪಕ್ಷ ಯಾವುದಾದರೂ ಪ್ರಶ್ನೆ ಹಳೆಯದೇ: 2023ರ ನವೆಂಬರಿನಲ್ಲಿ ನಗರಪಾಲಿಕೆ ‘ವಸತಿ ತುರ್ತುಸ್ಥಿತಿ’ಯನ್ನು ಘೋಷಿಸಿತು.

2021ರ ಮೇ 13ರಂದು, ದಕ್ಷಿಣ ಏಷ್ಯಾ ಮೂಲದ ಅನೇಕರು ನೆಲೆಸಿರುವ ಪೊಲಕ್‌ಶೀಲ್ಡ್ಸ್ ಬಡಾವಣೆಯ ಕೆನ್‌ಮ್ಯೂರ್ ಬೀದಿಗೆ ವಲಸೆ ಅಧಿಕಾರಿಗಳು ಬಂದು ಇಬ್ಬರು ಭಾರತೀಯರನ್ನು ವಾಹನಕ್ಕೆ ಹತ್ತಿಸಿದರು. ನೆರೆಯವರು ಕೆಳಗಿಳಿದು ಬಂದು ವಾಹನವನ್ನು ಸುತ್ತುವರಿದರು. ಒಬ್ಬ ಅದರಡಿಯಲ್ಲೇ ಮಲಗಿದ. ಸುಮಾರು ಎಂಟು ಗಂಟೆಗಳ ನಂತರ ಆ ಇಬ್ಬರನ್ನೂ ಬಿಡಬೇಕಾಯಿತು. ಕೂಗಿ ಕರೆಯಲು ಈಗ ಗಂಟೆ ಬೇಕಿರಲಿಲ್ಲ, ಮೊಬೈಲ್ ಸಾಕಾಗಿತ್ತು. ಉಳಿದಂತೆ 1915ರ ಗೋವನ್ನಿನ ಹೆಂಗಸರು ಆ ಬೀದಿಯನ್ನು ಸುಲಭವಾಗಿ ಗುರುತು ಹಿಡಿಯುತ್ತಿದ್ದರು.