ಕೋಗಳಿಯ ಶಾಸನ ಮತ್ತು ಅಚೌರ್ಯವ್ರತ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯು ಜೈನ ಇತಿಹಾಸದಲ್ಲಿ ಮುಖ್ಯವಾಗುವುದು ಕೋಗಳಿಯಿಂದ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಈ ಊರಿನಲ್ಲಿ ದೊರೆತ, ಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ ಕ್ರಿ.ಶ. 1055ರ ಶಾಸನವು ಇಂದ್ರಕೀರ್ತಿಯು ಬಸದಿಗೆ ನೀಡಿದ ದಾನವನ್ನು ದಾಖಲಿಸುತ್ತದೆ. ಅದನ್ನು ಮೊದಲು ಕಟ್ಟಿಸಿದವನು ಗಂಗದೊರೆ ದುರ್ವಿನೀತನೆಂದೂ ಸ್ಮರಿಸುತ್ತದೆ. ದುರ್ವಿನೀತನು 6ನೆಯ ಶತಮಾನದವನು. ಸುಮಾರು ಐದು ಶತಮಾನಗಳ ಬಳಿಕವೂ ಮೂಲಕರ್ತೃವಿನ ಹೆಸರನ್ನು ಉಳಿಸಿದ ಈ ಕ್ರಮ, ಅನ್ಯರ ಕೃತಿಯನ್ನು ತನ್ನದೆನ್ನದ ವಿವೇಕಕ್ಕೆ ನಿದರ್ಶನ.

ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ. ವರ್ತಕರ ಬದುಕಿಗೆ ಹತ್ತಿರವಾದ ಈ ಪಟ್ಟಿಯು ಇಂದಿನ ಆನ್‌ಲೈನ್ ಪರೀಕ್ಷೆಗೂ ಅನ್ವಯಿಸುತ್ತದೆ. ನಕಲಿಗೆ ಪ್ರೇರೇಪಿಸುವುದು ಮೊದಲನೆಯದು. ವಾಟ್ಸಾಪಿನಲ್ಲಿ ಬಂದ ಉತ್ತರವನ್ನು ಸ್ವೀಕರಿಸುವುದು ಎರಡನೆಯದು. ಪರೀಕ್ಷಾನಿಯಮವನ್ನು ಮೀರುವುದು ಮೂರನೆಯದು. ಕಲಿಯದೆ ಪಡೆದ ಅಂಕ ಸುಳ್ಳು ಅಳತೆ. ಯಂತ್ರವೋ ಗೆಳೆಯನೋ ಬರೆದುದನ್ನು ತನ್ನ ಹೆಸರಿನಲ್ಲಿ ಒಪ್ಪಿಸುವುದು ಪ್ರತಿರೂಪಕವ್ಯವಹಾರ.

ಕದ್ದವನಷ್ಟೇ ಅಲ್ಲ, ಕದಿಸಿದವನೂ ಕೊಂಡವನೂ ದೋಷಿಗಳೆಂಬುದು ಈ ಸೂತ್ರದ ಸೂಕ್ಷ್ಮತೆ. ಆದ್ದರಿಂದ ಕ್ಯಾಮೆರಾದ ಕಾವಲೊಂದೇ ಸಾಲದು. ಜೈನಪರಂಪರೆಯಲ್ಲಿ ಪಾಂಡಿತ್ಯದ ಒರೆಗಲ್ಲು ವಾದ: ಎದುರಿಗೆ ನಿಂತು ಪ್ರಶ್ನೆಗೆ ಉತ್ತರಿಸುವುದು. ಲಿಖಿತ ಉತ್ತರದ ಬೆನ್ನಿಗೆ ಕಿರು ಮೌಖಿಕ ಪರೀಕ್ಷೆ, ಪ್ರತಿಯೊಬ್ಬನಿಗೂ ಬೇರೆ ವಿಷಯ, ತನ್ನೂರಿನ ಶಾಸನವೊಂದನ್ನು ಓದಿ ಬರೆಯುವ ಕಾರ್ಯ ಇವು ನಕಲಿನ ಆಸೆಯನ್ನೇ ಕುಂದಿಸುತ್ತವೆ. ಆಕರವನ್ನು ಹೆಸರಿಸುವ ಶಿಸ್ತನ್ನು ಈ ಸೀಮೆಯ ವಿದ್ಯಾರ್ಥಿಯು ಕೋಗಳಿಯ ಕಲ್ಲಿನಿಂದಲೇ ಕಲಿಯಬಹುದು.